ಗುಡಿಸದೆ ಬಿಟ್ಟ ನೆಲ

ಮಣ್ಣಿನ ಅಂಗಳವನ್ನು ಕಡ್ಡಿಪೊರಕೆಯಲ್ಲಿ ಗುಡಿಸುವ ಸದ್ದನ್ನು ನೀವು ಕೊನೆಯ ಸಲ ಕೇಳಿದ್ದು ಯಾವಾಗ? ನಾನಂತೂ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೆ. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರ ಮನೆಯ ಮುಂದೆಯೂ ಮಣ್ಣಿಲ್ಲ. ಎಲ್ಲರ ಬಾಗಿಲಲ್ಲೂ ಸಿಮೆಂಟು, ಇಲ್ಲವೇ ಟೈಲ್ಸು. ಬೆಳಿಗ್ಗೆ ಪ್ಲಾಸ್ಟಿಕ್ ಪೊರಕೆಗಳು ಅದರ ಮೇಲೆ ಕೆರೆಯುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ಮೊನ್ನೆ ಪೆರೇಸಂದ್ರದ ಹತ್ತಿರದ ಹಳ್ಳಿಯೊಂದರಲ್ಲಿ ಸಂಬಂಧಿಕರ ಮನೆಗೆ ಹೋದವಳು ಅಲ್ಲೇ ಉಳಿದುಕೊಂಡೆ. ಬೆಳಕು ಹರಿಯುವ ಹೊತ್ತಿಗೆ, ಅರೆನಿದ್ದೆಯಲ್ಲಿ, ಹೊರಗಿನಿಂದ ಆ ಸದ್ದು ಬಂತು. ಸರಕ್, ಸರಕ್, ನಡುವೆ ಸಣ್ಣದೊಂದು ಬಿಡುವು, ಮತ್ತೆ ಸರಕ್. ಅದರ ಹಿಂದೆಯೇ ನೀರು ಚಿಮುಕಿಸಿದ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಕಣ್ಣು ಮುಚ್ಚಿಕೊಂಡೇ, ಪೊರಕೆ ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಾ ಮಲಗಿದ್ದೆ. ಅದು ನಿಲ್ಲಲಿಲ್ಲ. ಅಂಗಳದ ಈ ತುದಿಯಿಂದ ಆ ತುದಿಯವರೆಗೂ ಒಂದೇ ಸಮನೆ ಹೋಯಿತು. ನಾನು ಎದ್ದು ಕೂತೆ. ನಮ್ಮ ಮನೆಯಲ್ಲಾಗಿದ್ದರೆ ಅದು ಹೊಂಗೆಮರದ ಹತ್ತಿರ ಬಂದು ನಿಲ್ಲಬೇಕಿತ್ತು.

ನಮ್ಮ ಮನೆ ಇದ್ದದ್ದು ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಒಂದು ಊರಿನಲ್ಲಿ. ಹೆಂಚಿನ ಉದ್ದನೆಯ ಮನೆ, ಅದಕ್ಕೆ ಅಂಟಿಕೊಂಡಂತೆ ಹುಳುಮನೆ, ಎರಡರ ಮುಂದೆಯೂ ಹರಡಿಕೊಂಡ ಅಂಗಳ. ರೇಷ್ಮೆ ಹುಳು ಸಾಕುವ ಕೋಣೆಗೆ ನಮ್ಮ ಕಡೆ ಹುಳುಮನೆ ಎನ್ನುತ್ತಾರೆ. ಮನೆಗಿಂತ ಅದಕ್ಕೇ ಹೆಚ್ಚು ಮರ್ಯಾದೆ. ಅಂಗಳದ ಪಡುವಣ ಮೂಲೆಯಲ್ಲಿ, ಹುಳುಮನೆಯ ಕಿಟಕಿಗಳಿಗೆ ಎದುರಾಗಿ, ಒಂದು ಹಳೆಯ ಹೊಂಗೆಮರ ಇತ್ತು. ಅಜ್ಜಿ, ಎಂದರೆ ಅಪ್ಪನ ತಾಯಿ, ಆ ಮನೆಯ ಯಜಮಾನಿ. ಅವಳ ಕೈಕೆಳಗೆ ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಗಂಡುಮಕ್ಕಳು, ನಮ್ಮಪ್ಪ, ನಮ್ಮಮ್ಮ, ನಾನು. ಇಷ್ಟು ಜನರನ್ನೂ ಅಜ್ಜಿ ಒಂದು ಗದರಿಕೆಯಲ್ಲಿ ನಡೆಸುತ್ತಿದ್ದಳು. ಅಡಿಗೆಮನೆಯನ್ನು ಸೊಸೆಯರಿಗೆ ಬಿಟ್ಟಿದ್ದಳು, ತೋಟವನ್ನು ಮಕ್ಕಳಿಗೆ ಬಿಟ್ಟಿದ್ದಳು. ಪೊರಕೆಯನ್ನು ಮಾತ್ರ ಯಾರ ಕೈಗೂ ಕೊಟ್ಟವಳಲ್ಲ.

ಅಜ್ಜಿ ಗುಡಿಸುವುದನ್ನು ನೋಡಬೇಕಿತ್ತು ನೀವು. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಎಡಗೈಯನ್ನು ಬೆನ್ನ ಮೇಲಿಟ್ಟುಕೊಂಡು, ನೆಲದ ಮೇಲೆ ಕಮಾನು ಕಮಾನಾಗಿ ಪೊರಕೆಯ ಗೆರೆ ಮೂಡಿಸುತ್ತಾ ಹಿಂದೆ ಹಿಂದೆ ಬರುತ್ತಿದ್ದಳು. ತನ್ನ ಹೆಜ್ಜೆಯ ಗುರುತೂ ಉಳಿಯಬಾರದು ಅವಳಿಗೆ. ಮರದ ಬುಡದಲ್ಲಂತೂ ಎರಡು ಸಲ ಗುಡಿಸಬೇಕು, ಒಂದು ಎಲೆ ಕಂಡರೂ ಅವಳ ಮನಸ್ಸಿಗೆ ಸಮಾಧಾನವಿಲ್ಲ. ಹಾಗೆ ವರ್ಷಾನುಗಟ್ಟಲೆ ಗುಡಿಸಿ ಗುಡಿಸಿ ಹೊಂಗೆಯ ಕೆಳಗಿನ ಮಣ್ಣೆಲ್ಲ ಸವೆದು, ಬೇರುಗಳು ಮುದುಕರ ಮುಂಗೈ ನರಗಳಂತೆ ಮೇಲೆದ್ದಿದ್ದವು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಗಾಳಿ ಎದ್ದರೆ ಸಾಕು, ಆ ಬೋಳು ನೆಲದಿಂದ ಕೆಮ್ಮಣ್ಣಿನ ಧೂಳು ಎದ್ದು ನೇರವಾಗಿ ಹುಳುಮನೆಯ ಕಿಟಕಿಗೆ ನುಗ್ಗುತ್ತಿತ್ತು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರೂ ತಟ್ಟೆಯಲ್ಲಿ ಹರಡಿದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೆಂಪು ಪದರ ಕೂರುತ್ತಿತ್ತು. ಧೂಳು ಹಿಡಿದ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. "ಥೂ, ಏನು ಹಾಳು ಧೂಳಪ್ಪ!" ಎಂದು ಅಜ್ಜಿ ಮಾರನೆಯ ದಿನ ಇನ್ನೂ ಗಟ್ಟಿಯಾಗಿ ಗುಡಿಸುತ್ತಿದ್ದಳು. ಆ ಧೂಳನ್ನು ಎಬ್ಬಿಸುತ್ತಿದ್ದದ್ದೇ ಅವಳ ಪೊರಕೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುವ ಎದೆ ಯಾರಿಗೂ ಇರಲಿಲ್ಲ.

ದೊಡ್ಡಮ್ಮನ ಹೆಸರು ಜಯಮ್ಮ. ಅಜ್ಜಿಗೆ ಅವಳು ಬರೀ ಜಯ. ಮಂಚೇನಹಳ್ಳಿಯ ಕಡೆಯವಳು, ಬೆಟ್ಟದ ಬುಡದಲ್ಲಿ ಮರಗಳ ನಡುವೆ ಇದ್ದ ಒಂದು ಮನೆಯಲ್ಲಿ ಹುಟ್ಟಿ ಬೆಳೆದವಳು. ಎತ್ತರದ ಹೆಂಗಸು, ಮಾತು ಕಡಿಮೆ, ನಗು ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವಳು. ತನಗೆ ಹೆಣ್ಣುಮಕ್ಕಳಿರಲಿಲ್ಲವಾದ್ದರಿಂದ ನನ್ನ ತಲೆ ಬಾಚುವುದು, ಜಡೆ ಹಾಕುವುದು ಎಲ್ಲ ಅವಳೇ. ನಮ್ಮಮ್ಮನಿಗೆ ಅದರಿಂದ ಒಂದು ಕೆಲಸ ತಪ್ಪಿತು ಎಂದು ಖುಷಿಯೇ ಆಗಿತ್ತು. ಜಡೆ ಹಾಕುತ್ತಾ ದೊಡ್ಡಮ್ಮ ತನ್ನ ತವರಿನ ಹಿತ್ತಲಿನ ಕಥೆ ಹೇಳುತ್ತಿದ್ದಳು. ಅಲ್ಲಿ ಮರದ ಕೆಳಗೆ ಯಾರೂ ಗುಡಿಸುತ್ತಿರಲಿಲ್ಲವಂತೆ. ಉದುರಿದ ಎಲೆ ಉದುರಿದಲ್ಲೇ ಇರುತ್ತಿತ್ತಂತೆ, ಅದರ ನಡುವಿನಿಂದ ನೆಲಸಂಪಿಗೆ ಎಂಬ ಹೂವಿನ ಗಿಡ ಏಳುತ್ತಿತ್ತಂತೆ. ಮಳೆಗಾಲದಲ್ಲಿ ಅದರ ಎಲೆ ಹಾಸಿಕೊಂಡರೆ ಮಣ್ಣೇ ಕಾಣುತ್ತಿರಲಿಲ್ಲವಂತೆ. ಮರದ ಕೆಳಗೆ ಗುಡಿಸದೆ ಇರುವ ಮನೆಯೂ ಇರುತ್ತದೆಯೇ ಎಂದು ನನಗೆ ಆಶ್ಚರ್ಯ. ನಾನು ಆಗ ಮೂರನೆಯ ಕ್ಲಾಸೋ ನಾಲ್ಕನೆಯದೋ.

ಅವಳ ತಾಯಿ ತೀರಿಕೊಂಡದ್ದು ಒಂದು ಸಂಕ್ರಾಂತಿಯ ಮುಂಚೆ. ಕರ್ಮಾಂತರ ಮುಗಿಯುತ್ತಿದ್ದಂತೆ ಅಣ್ಣತಮ್ಮಂದಿರು ಆ ಮನೆಯನ್ನೂ ಹಿತ್ತಲನ್ನೂ ಪಾಲು ಮಾಡಿಕೊಂಡು, ಮರಗಳನ್ನು ಕಡಿಸಿ, ಹೊಸ ಮನೆಗಳಿಗೆ ಪಾಯ ತೋಡಿಸಲು ನಿಂತರು. ದೊಡ್ಡಮ್ಮ ಅಲ್ಲಿಂದ ಒಂದು ಪಾತ್ರೆಯನ್ನೂ ಕೇಳಲಿಲ್ಲ, ಒಂದು ಸೀರೆಯನ್ನೂ ಕೇಳಲಿಲ್ಲ. ಪಾಯ ತೋಡುವ ಮುಂಚೆ ಹಿತ್ತಲಿಗೆ ಹೋಗಿ, ಅಮ್ಮನ ಹಳೆಯ ಸೆರಗಿನ ತುಂಡಿನಲ್ಲಿ ಒಂದಷ್ಟು ನೆಲಸಂಪಿಗೆಯ ಗಡ್ಡೆ ಕಟ್ಟಿಕೊಂಡು ಬಂದಳು. ಬೆರಳುದ್ದದ ಗಡ್ಡೆಗಳು, ಅವುಗಳಿಂದ ಜೋತುಬಿದ್ದ ಬೇರಿನ ತುದಿಯಲ್ಲಿ ಕಡಲೆಕಾಯಿಯಂಥ ಗುಂಡುಗಳು. ಉಗುರಿನಿಂದ ಗೀರಿದರೆ ಕರ್ಪೂರಕ್ಕೆ ಶುಂಠಿ ಬೆರೆಸಿದಂಥ ವಾಸನೆ. "ನಮ್ಮಮ್ಮನ ಮನೇದು ಅಂತ ಇನ್ನು ಇದೊಂದೇ ಕಣಮ್ಮ," ಎಂದು ನನಗೆ ತೋರಿಸಿದಳು. ಅವುಗಳನ್ನು ಒಣ ಮರಳು ತುಂಬಿದ ಮಡಕೆಯಲ್ಲಿಟ್ಟು, ಬೇಸಿಗೆಯ ಮೊದಲ ಮಳೆಗೆ ಕಾದಳು.

ಅಜ್ಜಿಯನ್ನು ಕೇಳದೆ ಅಂಗಳ ಮುಟ್ಟುವ ಹಾಗಿರಲಿಲ್ಲ. ಕೇಳಿದಾಗ ಅಜ್ಜಿ ಮೂಗು ಮುರಿದಳು. ಹೂವಿನ ಗಿಡ ಎಂದರೆ ಅವಳಿಗೆ ಮೊದಲೇ ಆಗದು. ಹುಳುಮನೆಗೆ ಯಾವ ಘಾಟೂ ಬರಬಾರದು, ಒಗ್ಗರಣೆಯ ಹೊಗೆ ಬರಬಾರದು, ಬೀಡಿ ಸೇದಿದವರು ಬರಬಾರದು. ಸೊಸೆಯರು ಮುಡಿದ ಮಲ್ಲಿಗೆಯನ್ನು ಹೊರಗೆ ತೆಗೆದಿಟ್ಟು ಒಳಗೆ ಹೋಗಬೇಕು. "ಹೂವ ಬಿಟ್ರೆ ವಾಸ್ನೆ ಬರಲ್ವೇನೇ? ಹುಳಕ್ಕೆ ಆಗಿಬರ್ಬೇಕಲ್ಲ!" ಎಂದಳು. "ಬಗ್ಗಿ ಮೂಸಿದ್ರೆ ಮಾತ್ರ ಬರೋ ವಾಸ್ನೆ ಅತ್ತೆ, ಮೊಣಕಾಲಿಗೂ ಏರಲ್ಲ," ಎಂದಳು ದೊಡ್ಡಮ್ಮ. "ಎಲೆ ಹಾಸ್ಕೊಂಡ್ರೆ ಧೂಳೂ ಕಮ್ಮಿ ಆಗುತ್ತೆ." ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಮರದ ಕೆಳಗೆ ಗಿಡ ಬೆಳೆಸುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಮೇಲೆ ಮಳೆ ಬಿದ್ದರೆ ಅರ್ಧ ಎಲೆಗಳಲ್ಲೇ ನಿಲ್ಲುತ್ತದೆ, ನೆಲಕ್ಕೆ ಇಳಿದದ್ದನ್ನು ಮರದ ಬೇರು ಕುಡಿದು ಮುಗಿಸುತ್ತದೆ. ನಮ್ಮ ಕಡೆಯ ಮಳೆಯೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೊಡ್ಡಮ್ಮ ಬುಡಕ್ಕೆ ಒತ್ತಿಕೊಂಡು ನೆಡದೆ, ಬೆಳಗಿನ ಬಿಸಿಲು ಕೊಂಬೆಗಳ ಕೆಳಗಿನಿಂದ ಓರೆಯಾಗಿ ಬಂದು ಬೀಳುವ, ಊಟದ ಹೊತ್ತಿಗೆ ನೆರಳಾಗುವ ಕಡೆ ನೋಡಿ ಜಾಗ ಮಾಡಿದಳು. ಬೇರುಗಳಿಗೆ ಏಟು ಬೀಳದಂತೆ, ಅವುಗಳ ನಡುವಿನ ಗಟ್ಟಿ ಮಣ್ಣನ್ನು ಸಣ್ಣ ಗುದ್ದಲಿಯಲ್ಲಿ ಮೆಲ್ಲಗೆ ಸಡಿಲಿಸಿ, ತಿಪ್ಪೆಯಲ್ಲಿ ಕೊಳೆತ ಹುಳದ ಕಸವನ್ನು ಬೆರೆಸಿದಳು. ಗಡ್ಡೆಗಳನ್ನು ಆಳಕ್ಕೆ ಹೂಳಲಿಲ್ಲ, ಮೇಲೆ ಎರಡು ಬೆರಳು ಮಣ್ಣು ಅಷ್ಟೆ. ಅದರ ಮೇಲೆ ಒಂದು ಬುಟ್ಟಿ ಒಣಗಿದ ಹೊಂಗೆ ಎಲೆ ಹೊದಿಸಿದಳು. ಮಳೆ ತಪ್ಪಿದ ವಾರ ಅಕ್ಕಿ ತೊಳೆದ ನೀರನ್ನು ತಂದು ಹನಿಸುವುದು ನನ್ನ ಕೆಲಸ. ಆ ಮಳೆಗಾಲದಲ್ಲಿ ಮುದುರಿದ ಹಸಿರು ಸುರುಳಿಗಳು ಎಲೆಗಳನ್ನು ಸರಿಸಿಕೊಂಡು ಮೇಲೆ ಬಂದು ಬಿಚ್ಚಿಕೊಂಡವು. ಮೇಲ್ಗಡೆ ಕಡುಹಸಿರು, ಮಧ್ಯೆ ಸುಣ್ಣದ ಕೈ ಸವರಿದಂಥ ತಿಳಿ ಪಟ್ಟೆ, ಎಲೆ ಮಗುಚಿದರೆ ಹಿಪ್ಪುನೇರಳೆ ಹಣ್ಣಿನ ಬಣ್ಣ. ಗೌರಿಹಬ್ಬದ ಹೊತ್ತಿಗೆ ಒಂದು ಎಲೆ ಇನ್ನೊಂದರ ಹೆಗಲಿಗೆ ತಾಗಿ, ಚಾಪೆ ಹಾಸಿದಷ್ಟು ಜಾಗದಲ್ಲಿ ಮಣ್ಣು ಮುಚ್ಚಿಹೋಗಿತ್ತು. ಅಷ್ಟು ಜಾಗದ ಧೂಳು ಏಳುವುದು ನಿಂತಿತ್ತು. ಅಜ್ಜಿ ಅದನ್ನು ಗಮನಿಸಿದ್ದಳು; ಗಮನಿಸಿಲ್ಲ ಎಂಬಂತೆ ಓಡಾಡುತ್ತಿದ್ದಳು.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಎಲೆಗಳು ಹಳದಿಯಾಗಿ, ಸುಕ್ಕಾಗಿ, ನೆಲಕ್ಕೆ ಒರಗಿದವು. ಡಿಸೆಂಬರ್ ಮುಗಿಯುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ. ನಾನು ಅಳುಮುಖ ಮಾಡಿಕೊಂಡು ಹೋಗಿ ಹೇಳಿದರೆ ದೊಡ್ಡಮ್ಮ ನಕ್ಕಳು. "ಸತ್ತಿಲ್ಲ ಕಣೇ, ಒಳಗೆ ಅವೆ. ಈಗ ನೀರೂ ಬೇಡ, ಏನೂ ಬೇಡ. ಸುಮ್ನೆ ಬಿಟ್ರೆ ಸಾಕು." ಆದರೆ ಅಜ್ಜಿಗೆ ಅದು ಬೇರೆ ರೀತಿ ಕಂಡಿತು. ಹೂವೂ ಬಿಡಲಿಲ್ಲ, ಎಲೆಯೂ ಉಳಿಯಲಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಗುಪ್ಪೆ ಕಸ ಮಾತ್ರ ಉಳಿಯಿತು. ಹಬ್ಬ ಹತ್ತಿರ ಬರುತ್ತಿತ್ತು. ಸಂಕ್ರಾಂತಿಗೆ ಅಂಗಳ ಅಂಗೈಯಂತೆ ಇರಬೇಕು.

ದೊಡ್ಡಮ್ಮ ಆ ವಾರ ತಾಯಿಯ ವರ್ಷದ ತಿಥಿಗೆ ಊರಿಗೆ ಹೋಗಿದ್ದಳು. ಅಜ್ಜಿ ಒಂದು ಬೆಳಿಗ್ಗೆ ಸಲಿಕೆ ಹಿಡಿದು ಮರದ ಕೆಳಗೆ ಹೋದಳು. ಒಣಗಿದ ಎಲೆ, ಕೊಳೆತ ಗೊಬ್ಬರ, ಸಡಿಲ ಮಣ್ಣು ಎಲ್ಲವನ್ನೂ ಕೆರೆದು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಿಸಿದಳು. ನೆಲವನ್ನು ತಟ್ಟಿ ಸಮ ಮಾಡಿ, ಸಗಣಿ ಸಾರಿಸಿ, ರಂಗೋಲಿಯನ್ನೂ ಎಳೆದಳು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅದು, ನಿಜ ಹೇಳುತ್ತೇನೆ. ಸತ್ತ ಗಿಡದ ಕಸವನ್ನು ಹಬ್ಬದ ಮುಂಚೆ ತೆಗೆದೆ, ಸೊಸೆಗೆ ಒಂದು ಕೆಲಸ ತಪ್ಪಿತು ಎಂದೇ ಅವಳ ಲೆಕ್ಕ. ಸಂಜೆಯ ಬಸ್ಸಿಗೆ ದೊಡ್ಡಮ್ಮ ಬಂದಳು. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಕಂಡಿತು. ಕೈಚೀಲ ಹಿಡಿದುಕೊಂಡೇ ನಿಂತಳು. ಅಜ್ಜಿ ಜಗಲಿಯಿಂದ, "ನೋಡು, ಹೆಂಗೆ ಕ್ಲೀನಾಗೈತೆ!" ಎಂದಳು. "ಹೂಂ ಅತ್ತೆ," ಎಂದು ದೊಡ್ಡಮ್ಮ ಒಳಗೆ ಹೋಗಿ, ಕಾಲು ತೊಳೆದು, ಒಲೆಯ ಮುಂದೆ ಕೂತಳು. ಅವಳು ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅನ್ನಕ್ಕೆ ಇಟ್ಟ ನೀರು ಕುದಿದು ಕುದಿದು ಅರ್ಧವಾದರೂ ಅವಳು ಅಕ್ಕಿ ಹಾಕಲಿಲ್ಲ. ನಮ್ಮಮ್ಮ ಬಂದು ಮೆಲ್ಲಗೆ ಅವಳ ಕೈಯಿಂದ ಮೊರ ತೆಗೆದುಕೊಂಡಳು.

ಮಾರನೆಯ ಬೆಳಿಗ್ಗೆ ಅವಳು ನನ್ನನ್ನು ಕರೆದುಕೊಂಡು ತಿಪ್ಪೆಯ ಹತ್ತಿರ ಹೋದಳು. ಇಬ್ಬರೂ ಕೈಯಿಂದಲೇ ಕೆದಕಿದೆವು. ಗಡ್ಡೆ ಯಾವುದು, ಮಣ್ಣಿನ ಹೆಂಟೆ ಯಾವುದು ಎಂದು ತಿಳಿಯದಿದ್ದರೆ ಉಗುರಿನಿಂದ ಗೀರಿ ಮೂಸುವುದು. ಸಗಣಿ, ಹುಳದ ಹಿಕ್ಕೆ, ಕೊಳೆತ ಸೊಪ್ಪು, ಇವುಗಳ ನಡುವಿನಿಂದ ಒಮ್ಮೆ ಆ ಕರ್ಪೂರದ ವಾಸನೆ ಬಂದರೆ ನಾನು ಕೂಗುತ್ತಿದ್ದೆ. ಈಗಲೂ ಎಲ್ಲಿಯಾದರೂ ಆ ವಾಸನೆ ಬಂದರೆ ನನಗೆ ನೆನಪಾಗುವುದು ಹೂವಲ್ಲ, ತಿಪ್ಪೆ. ಸಿಕ್ಕಿದ್ದು ಒಂದು ಬೊಗಸೆಯಷ್ಟು. ಸಲಿಕೆಗೆ ತುಂಡಾದವೇ ಹೆಚ್ಚು. ಅವುಗಳನ್ನು ಅವಳು ಸೆರಗಿನಲ್ಲಿ ಹಾಕಿಕೊಂಡು ಎದ್ದಳು. ಆದರೆ ನೆಡುವುದೆಲ್ಲಿ? ಅದೇ ಜಾಗದಲ್ಲಿ ನೆಟ್ಟರೆ ಮತ್ತೆ ಅದೇ ಪೊರಕೆ, ಅದೇ ಸಲಿಕೆ. ಕಣ್ಣಿಗೆ ಕಾಣದ ಗಿಡವನ್ನು ಕಾಯುವುದು ಹೇಗೆ?

ಹುಳುಮನೆಯಲ್ಲಿ ಆಗ ಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಇದು ನಿಮಗೆ ಹೊಸದಾಗಿದ್ದರೆ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಕಾಯಿಲೆಯೇನಲ್ಲ, ಆದರೂ ನಮ್ಮ ಕಡೆ ಅದಕ್ಕೆ ಜ್ವರ ಎಂದೇ ಹೆಸರು. ಪೊರೆ ಕಳಚಿ ಮತ್ತೆ ಅಲ್ಲಾಡತೊಡಗಿದರೆ ಜ್ವರ ಎದ್ದವು ಎನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಹುಳುವನ್ನು ಮುಟ್ಟಲೇಬಾರದು. ಅಜ್ಜಿಗೆ ಆಗ ದೇವರೇ ಬಂದು ಬಾಗಿಲು ತಟ್ಟಿದರೂ "ಆಮೇಲೆ ಬಾಪ್ಪ" ಎನ್ನುವಷ್ಟು ಕಟ್ಟುನಿಟ್ಟು. ಅಂದು ಅವಳು ತಟ್ಟೆಗಳ ಮಧ್ಯೆ ಬೆಕ್ಕಿನಂತೆ ನಡೆಯುತ್ತಾ ನೋಡುತ್ತಿದ್ದಳು. ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತಳು, ಸೆರಗಿನಲ್ಲಿ ಗಡ್ಡೆ ಇದ್ದಂತೆಯೇ. ನಾನು ಅವಳ ಹಿಂದೆ. ಅಜ್ಜಿ ತುಟಿಗೆ ಬೆರಳಿಟ್ಟು, "ಶ್! ಜ್ವರಕ್ಕೆ ಕೂತವೆ, ಅಲ್ಲೇ ನಿಂತ್ಕೋ," ಎಂದಳು.

ದೊಡ್ಡಮ್ಮ ಅಲ್ಲೇ ನಿಂತು, ಅಜ್ಜಿಯಷ್ಟೇ ಮೆಲ್ಲಗೆ ಹೇಳಿದಳು. "ಅತ್ತೆ, ಈಗ ಯಾರಾದ್ರೂ ಬಂದು, ಇವು ತಿಂತಿಲ್ಲ, ಅಲ್ಲಾಡ್ತಿಲ್ಲ, ಸತ್ತೋಗವೆ ಅಂತ ತಟ್ಟೆ ಎತ್ತಿ ತಿಪ್ಪೆಗೆ ಸುರಿದ್ರೆ?"

"ಅಯ್ಯೋ ನಾ ತಲ್ಲಿ! ಬಿಡ್ತು ಅನ್ನೇ!" ಅಜ್ಜಿಗೆ ಗಾಬರಿಯಾದರೆ ಬಾಯಲ್ಲಿ ತೆಲುಗು ಬರುತ್ತಿತ್ತು.

"ನನ್ನವೂ ಹಂಗೇ ಕೂತಿದ್ವು ಅತ್ತೆ," ಎಂದು ದೊಡ್ಡಮ್ಮ ಸೆರಗು ಬಿಚ್ಚಿ ತೋರಿಸಿದಳು. "ನಮ್ಮಮ್ಮನ ಹಿತ್ತಲಲ್ಲಿದ್ದವು. ಆ ಹಿತ್ತಲೇ ಇಲ್ಲ ಈಗ." ಹಿಂದಿನ ದಿನದಿಂದ ತಡೆದಿಟ್ಟದ್ದೆಲ್ಲ ಹುಳುಮನೆಯ ಬಾಗಿಲಲ್ಲಿ, ಗಟ್ಟಿಯಾಗಿ ಅಳಬಾರದ ಜಾಗದಲ್ಲಿ, ಸದ್ದಿಲ್ಲದೆ ಬಂತು. ಅಜ್ಜಿ ಆ ತುಂಡಾದ ಗಡ್ಡೆಗಳನ್ನು ನೋಡಿದಳು. ಒಂದನ್ನು ಎತ್ತಿಕೊಂಡು ಬೆರಳಲ್ಲಿ ಹೊರಳಿಸಿದಳು, ಮೂಸಿದಳು, ಮತ್ತೆ ಸೆರಗಿನಲ್ಲೇ ಇಟ್ಟಳು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ. ನಮ್ಮಜ್ಜಿ ಹಾಗೆಲ್ಲ ಹೇಳುವ ಹೆಂಗಸೇ ಅಲ್ಲ. "ಹೋಗು, ಬಿಸ್ಲು ಏರೋದ್ರೊಳ್ಗೆ ಅಲ್ಲೇ ಇಟ್ಬಿಡು," ಎಂದಳು.

ಮಾರನೆಯ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದೆ. ಸರಕ್, ಸರಕ್ ಎಂದು ಪೊರಕೆ ಬಾಗಿಲಿನಿಂದ ಹೊರಟು, ಹುಳುಮನೆಯ ಮುಂದಿನಿಂದ ಹಾದು, ಹೊಂಗೆಯ ಹತ್ತಿರ ಬಂತು. ನಿಂತಿತು. ತುಂಬಾ ಹೊತ್ತು ನಿಂತಿತು. ನಾನು ಎದ್ದು ಓಡಿ ಬಾಗಿಲಿಗೆ ಬಂದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಮರದ ಕೆಳಗಿನ ಜಾಗವನ್ನೇ ನೋಡುತ್ತಿದ್ದಳು. ಗುಡಿಸದೆ ಬಿಡುವುದು ಅವಳ ಕೈಗೆ ಎಷ್ಟು ಕಷ್ಟವಾಗಿತ್ತು ಎನ್ನುವುದು ನನಗೆ ಈಗ ಅರ್ಥವಾಗುತ್ತದೆ. ಕೊನೆಗೆ ಪೊರಕೆಯ ತುದಿಯಿಂದ ಮಣ್ಣಿನ ಮೇಲೆ ಅರ್ಧಚಂದ್ರದಂತೆ ಒಂದು ಗೆರೆ ಎಳೆದು, ತಿರುಗಿ, ಬೇರೆ ಕಡೆ ಗುಡಿಸತೊಡಗಿದಳು. ಅಂದಿನಿಂದ ಆ ಗೆರೆಯ ಒಳಗೆ ಪೊರಕೆ ಹೋಗಲಿಲ್ಲ. ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರಿಸಿದಾಗ, ಅಂಗಳದಲ್ಲೆಲ್ಲ ಗುಡಿಸಿದ ಎಲೆಗಳನ್ನು ಬೆಂಕಿಗೆ ಹಾಕದೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಗೆರೆಯ ಒಳಕ್ಕೆ ತಳ್ಳುತ್ತಿದ್ದಳು.

ಯುಗಾದಿಯ ಹಿಂದುಮುಂದು, ಮರದಲ್ಲಿ ಎಳೆ ಚಿಗುರು ಹೊಳೆಯುತ್ತಿದ್ದಾಗ, ಒಣ ಎಲೆಗಳ ನಡುವೆ ನಾಲ್ಕಾರು ಹೂವುಗಳು ನೇರವಾಗಿ ಮಣ್ಣಿನಿಂದಲೇ ಎದ್ದಿದ್ದವು. ಕಾಂಡವಿಲ್ಲ, ಎಲೆಯಿಲ್ಲ. ಬಿಳಿಯ ನೀಳ ಎಸಳುಗಳು, ಕೆಳಗೆ ನಾಲಿಗೆ ಚಾಚಿದಂತೆ ನೇರಳೆ ಎಸಳು. ಅಜ್ಜಿಯನ್ನು ನಾನೇ ಕರೆದುಕೊಂಡು ಬಂದೆ. ಅವಳು ಮೊಣಕಾಲ ಮೇಲೆ ಕೈಯೂರಿ, ಕಷ್ಟಪಟ್ಟು ಬಗ್ಗಿ, ಮೂಸಿದಳು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ಜಯಾ, ಜ್ವರ ಎದ್ದವೆ ಬಾರೇ!" ಎಂದು ಕೂಗಿದಳು. ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಇದೇನೇ ಇದು, ಮೊದ್ಲು ಹೂವ, ಆಮೇಲೆ ಎಲೇನಾ? ನಿಮ್ಮೂರ ಕಡೆ ಎಲ್ಲಾ ಉಲ್ಟಾನೇ!" ಎಂದು ಅಜ್ಜಿ ರೇಗಿಸಿದಳು. ದೊಡ್ಡಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕದ್ದು ನನಗೆ ಇಂದೂ ಕಣ್ಣಿಗೆ ಕಟ್ಟಿದಂತಿದೆ.

ಮುಂದೆ ಎಷ್ಟೋ ವರ್ಷ ಹಾಗೆಯೇ ನಡೆಯಿತು. ಗಡ್ಡೆಗಳು ಹೆಚ್ಚಿದಂತೆ ಅಜ್ಜಿಯ ಗೆರೆ ಹಿಂದೆ ಹಿಂದೆ ಸರಿಯಿತು. ಚಾಪೆಯಷ್ಟಿದ್ದದ್ದು ಜಮಖಾನದಷ್ಟಾಯಿತು, ಆಮೇಲೆ ಮರದ ನೆರಳಷ್ಟಾಯಿತು. ಮಳೆಗಾಲದ ಸಂಜೆಗಳಲ್ಲಿ ಆ ಎಲೆಗಳ ಮೇಲೆ ಹನಿ ಬೀಳುವ ಸದ್ದು ಕೇಳುತ್ತಾ ನಾವೆಲ್ಲ ಜಗಲಿಯಲ್ಲಿ ಕೂತು ಹುರಿಗಡಲೆ ತಿನ್ನುತ್ತಿದ್ದೆವು. ಹುಳುಮನೆಯ ಕಿಟಕಿಗೆ ಕಟ್ಟಿದ್ದ ಗೋಣಿತಾಟು ಕೆಂಪಾಗುವುದು ಕಡಿಮೆಯಾಗಿತ್ತು. ಚಳಿಗಾಲದಲ್ಲಿ ಬೋಳು ನೆಲದ ಮೇಲೆ ಮಕ್ಕಳು ಗೋಲಿಯಾಡಲು ಹೋದರೆ, "ಜ್ವರಕ್ಕೆ ಕೂತವೆ, ಆಚೆ ಹೋಗ್ರೋ!" ಎಂದು ಓಡಿಸುತ್ತಿದ್ದವಳು ದೊಡ್ಡಮ್ಮನಲ್ಲ, ಅಜ್ಜಿ. ಊರಿಗೆ ಬಂದ ನೆಂಟರಿಗೆಲ್ಲ ತನ್ನ ಸ್ವಂತ ಬುದ್ಧಿಯಿಂದ ಮಾಡಿಸಿದ್ದು ಎಂಬಂತೆ ತೋರಿಸುತ್ತಿದ್ದಳು. ದೊಡ್ಡಮ್ಮ ಒಮ್ಮೆಯೂ ತಿದ್ದಲಿಲ್ಲ.

ನಾನು ಟೀಚರ್ ಕೆಲಸಕ್ಕೆ ಸೇರಿದ ವರ್ಷ, ಡಿಸೆಂಬರಿನ ಒಂದು ಮಧ್ಯಾಹ್ನ, ಸೊಪ್ಪು ಹೆಚ್ಚುತ್ತಿದ್ದ ದೊಡ್ಡಮ್ಮ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಆಸ್ಪತ್ರೆಗೆ ಕರೆದೊಯ್ಯುವಷ್ಟು ಸಮಯವೂ ಸಿಗಲಿಲ್ಲ. ಅತ್ತೆಗಿಂತ ಮುಂಚೆ ಸೊಸೆ ಹೋದಳು. ಅಜ್ಜಿಗೆ ಅಷ್ಟು ಹೊತ್ತಿಗಾಗಲೇ ಮರೆವು ಶುರುವಾಗಿತ್ತು. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರುತ್ತಿರಲಿಲ್ಲ. ಎದುರಿಗೇ ಎಲ್ಲ ನಡೆದಿದ್ದರೂ, ಜನ ಹೋದ ಮೇಲೆ, "ಜಯ ಇನ್ನೂ ಬರ್ಲಿಲ್ವಾ ಊರಿಂದ?" ಎಂದು ಕೇಳುತ್ತಿದ್ದಳು. ಮೊದಮೊದಲು ನಾವು ನಿಜ ಹೇಳಿದೆವು. ಪ್ರತಿ ಸಲವೂ ಅವಳು ಹೊಸದಾಗಿ ಕೇಳಿದವಳಂತೆ ಅಳುತ್ತಿದ್ದಳು. ಆಮೇಲೆ ನಾವು, "ಬತ್ತಾಳೆ ಅಜ್ಜಿ," ಎನ್ನತೊಡಗಿದೆವು.

ಹನ್ನೊಂದನೆಯ ದಿನದ ತಿಥಿಗೆ ಬೆಳಿಗ್ಗೆ ಶಾಮಿಯಾನ ಹಾಕುವವರು ಬಂದರು. ಅಂಗಳದಲ್ಲಿ ಕಂಬ ನೆಡಲು ಜಾಗ ನೋಡುತ್ತಾ, ಮರದ ಕೆಳಗೆ ನೆರಳೂ ಇದೆ, ನೆಲವೂ ಮೆತ್ತಗಿದೆ ಎಂದು ಒಬ್ಬ ಅಲ್ಲಿಗೆ ಹಾರೆ ತಂದ. ಒಣ ಎಲೆ ಬಿಟ್ಟರೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ನಾವೆಲ್ಲ ಒಳಗೆ ಒಂದೊಂದು ಕೆಲಸದಲ್ಲಿದ್ದೆವು. ಆ ಗಡ್ಡೆಗಳ ನೆನಪು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಜಗಲಿಯ ಮೇಲೆ ಗೋಡೆ ನೋಡುತ್ತಾ ಕೂತಿದ್ದ ಅಜ್ಜಿ ಎದ್ದಳು. ಮೂಲೆಯಲ್ಲಿದ್ದ ಪೊರಕೆ ಹಿಡಿದು, ಅದನ್ನೇ ಊರುಗೋಲು ಮಾಡಿಕೊಂಡು, ಮರದ ಹತ್ತಿರ ಹೋಗಿ ಹಾರೆಯ ಮುಂದೆ ನಿಂತಳು. "ಅಲ್ಲಿ ಅಗೀಬೇಡ ಕಣಪ್ಪ. ಜ್ವರಕ್ಕೆ ಕೂತವೆ." ಅವನಿಗೆ ತಲೆಬುಡ ತಿಳಿಯಲಿಲ್ಲ. "ನಮ್ ಜಯಂದು ಅದು. ಅವ್ಳು ತವರಿಗೆ ಹೋಗವ್ಳೆ. ಅವ್ಳು ಬರೋಗಂಟ ಯಾರೂ ಮುಟ್ಬೇಡಿ." ದೊಡ್ಡಪ್ಪ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಅವರು ಅದುವರೆಗೆ ಅತ್ತಿರಲಿಲ್ಲ. ಶಾಮಿಯಾನದ ಕಂಬಗಳನ್ನು ಈಚೆಗೆ ನೆಟ್ಟರು, ಜನ ಬಿಸಿಲಲ್ಲೇ ಕೂತು ಊಟ ಮಾಡಿದರು.

ಈಗ ಆ ಮನೆಯಿಲ್ಲ. ಅಜ್ಜಿ ಹೋದ ಮೇಲೆ ಪಾಲಾಯಿತು, ಹುಳುಮನೆ ಬಿದ್ದಿತು, ಅಂಗಳದ ಮೇಲೆ ಎರಡು ಹೊಸ ಮನೆಗಳು ಎದ್ದವು, ಹೊಂಗೆಮರವೂ ಹೋಯಿತು. ಯಾರನ್ನು ದೂರುವುದು? ದೊಡ್ಡಮ್ಮನ ತವರಿಗೆ ಆದದ್ದೇ ನಮ್ಮ ಮನೆಗೂ ಆಯಿತು. ಪಾಯ ತೋಡುವ ಮುಂಚೆ ನಾನೂ ಹೋಗಿ ಒಂದಷ್ಟು ಗಡ್ಡೆ ತಂದೆ. ಚಿಕ್ಕಬಳ್ಳಾಪುರದ ಮನೆಯ ಹಿಂದೆ, ಕಾಂಪೌಂಡಿನ ಒಳಗೆ, ಪಕ್ಕದ ಮನೆಯ ಮಾವಿನಮರದ ನೆರಳು ಬೀಳುವ ಕಡೆ ಒಂದು ಪಟ್ಟೆ ಮಣ್ಣು ಉಳಿದಿದೆ, ಅಲ್ಲಿ ಇಟ್ಟಿದ್ದೇನೆ. ಮಾವಿನ ಎಲೆ ಉದುರಿದಲ್ಲೇ ಇರುತ್ತದೆ. ಕೆಲಸದ ಲಕ್ಷ್ಮಮ್ಮನಿಗೆ ಅದು ಕಂಡರಾಗದು. "ಅಕ್ಕ, ಒಂದ್ಸಲ ಗುಡಿಸಿಬಿಡ್ಲಾ?" ಎಂದು ಕೇಳುತ್ತಲೇ ಇರುತ್ತಾಳೆ.

ಬೇಡ ಎನ್ನುವಾಗಲೆಲ್ಲ ನನಗೆ ನೆನಪಾಗುವುದು ದೊಡ್ಡಮ್ಮ ಹೋದ ಮೇಲಿನ ಮೊದಲ ಯುಗಾದಿ. ವರುಷದೊಳಗಾದ್ದರಿಂದ ಹಬ್ಬವಿರಲಿಲ್ಲ. ನಾನು ರಜೆಗೆ ಬಂದು ಜಗಲಿಯಲ್ಲಿ ಕೂತಿದ್ದೆ, ದೊಡ್ಡಪ್ಪ ಪಕ್ಕದಲ್ಲಿ ಪೇಪರ್ ಹಿಡಿದಿದ್ದರು. ಅಜ್ಜಿ ಎಂದಿನಂತೆ ಪೊರಕೆ ಹಿಡಿದು ಅಂಗಳಕ್ಕೆ ಇಳಿದಿದ್ದಳು. ಅವಳಿಗೆ ಆಗ ನನ್ನ ಹೆಸರೂ ನೆನಪಿರಲಿಲ್ಲ. ಎರಡು ಬೀಸು ಗುಡಿಸುವುದು, ನಿಂತು ಉಸಿರೆಳೆದುಕೊಳ್ಳುವುದು, ಮತ್ತೆ ಎರಡು ಬೀಸು. ಹೊಂಗೆಯ ಹತ್ತಿರ ಬಂದಾಗ ಪೊರಕೆ ತಾನಾಗಿ ನಿಂತಿತು. ಅವಳು ಬಗ್ಗಿ ನೋಡಿದಳು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, ಇದ್ದಬದ್ದ ದನಿಯನ್ನೆಲ್ಲ ಒಟ್ಟು ಮಾಡಿಕೊಂಡು ಕೂಗಿದಳು. "ಜಯಾ! ಏ ಜಯಾ! ಎದ್ದವೆ ಬಾರೇ!"

ದೊಡ್ಡಪ್ಪನ ಕೈಯಲ್ಲಿ ಪೇಪರ್ ಹಾಗೇ ಉಳಿಯಿತು. ಅಷ್ಟರಲ್ಲಿ ಒಳಗಿನಿಂದ ನಮ್ಮಮ್ಮ, ಗಿಡ ಹೂವು ಎಂದರೆ ಎಂದೂ ತಲೆ ಕೆಡಿಸಿಕೊಳ್ಳದ ನಮ್ಮಮ್ಮ, "ಬಂದೆ ಅತ್ತೆ," ಎಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂಗಳ ದಾಟಿ ಅಜ್ಜಿಯ ಪಕ್ಕ ಹೋಗಿ ನಿಂತಳು. ಒಣ ಎಲೆಗಳ ನಡುವೆ, ಮರದ ನೆರಳಿನ ಉದ್ದಗಲಕ್ಕೂ, ಬಿಳಿ ನೇರಳೆ ಹೂವುಗಳು ಎದ್ದಿದ್ದವು. ಅಜ್ಜಿ ಮಂಜಾದ ಕಣ್ಣಿನಿಂದ ಅಮ್ಮನ ಮುಖ ನೋಡಿ, ಅವಳ ಮಣಿಕಟ್ಟು ಹಿಡಿದುಕೊಂಡಳು.

"ನೋಡೇ," ಎಂದಳು, "ನೀನಿಲ್ದಾಗ ನಾನು ಗುಡಿಸ್ಲಿಲ್ಲ ಕಣೇ."

"ಗೊತ್ತು ಅತ್ತೆ," ಎಂದಳು ಅಮ್ಮ. ಅಜ್ಜಿಯ ಕೈಯಿಂದ ಪೊರಕೆ ತೆಗೆದು ನೆಲಕ್ಕಿಟ್ಟು, ಅವಳ ಸೊಂಟ ಬಳಸಿ ಹಿಡಿದುಕೊಂಡಳು. ಇಬ್ಬರೂ ಮೆಲ್ಲಗೆ ಬಗ್ಗಿ ಆ ಹೂವನ್ನು ಮೂಸಿದರು.